ಬಳಸಿದ್ದಷ್ಟೇ ಉಳಿಯಿತು

ಕತ್ತರಿಯ ಸುದ್ದಿ ಮೊದಲು ನನ್ನ ಕಿವಿಗೆ ಬಿದ್ದದ್ದು ನನ್ನ ತಂಗಿಯ ಬಾಯಿಂದ. ಅವಳು ಬಲ್ಬಿನ ಕಾರ್ಖಾನೆಯಲ್ಲಿ ಗಾಜಿನ ಬುರುಡೆಯೊಳಗೆ ತಂತಿ ಕೂರಿಸುತ್ತಿದ್ದಳು. ಕಾರ್ಖಾನೆ ಮುಚ್ಚಿ, ಅಲ್ಲಿದ್ದವರೆಲ್ಲ ಮನೆಯಲ್ಲಿ ಕೈಕಟ್ಟಿ ಕುಳಿತಿದ್ದ ಕಾಲ ಅದು. ಒಂದು ದಿನ ನಗುತ್ತಲೇ ಒಳಗೆ ಬಂದಳು.

"ಅಕ್ಕ, ಕ್ಯಾಮೆರಾ ಹಿಡ್ಕೊಂಡು ಒಬ್ಬ ಬಂದಿದ್ದಾನೆ. ಕೆಲಸ ಹೋದೋರನ್ನೆಲ್ಲ ಕೂರಿಸಿ ಮಾತಾಡಿಸ್ತಾನಂತೆ. ಕೆಲಸ ಇದ್ದಾಗ ಒಂದು ನರಪಿಳ್ಳೆನೂ ನಮ್ಮನ್ನ ಮಾತಾಡಿಸ್ಲಿಲ್ಲ ನೋಡು."

ಅವನಿಗೆ ಸದ್ದುಗದ್ದಲವಿಲ್ಲದ ಒಂದು ಕೋಣೆ ಬೇಕಾಗಿತ್ತು. ನನ್ನ ಯಜಮಾನರು ತೀರಿಕೊಂಡ ಮೇಲೆ ಅವರ ಹೊಲಿಗೆಯ ಕೋಣೆ ಬಾಗಿಲು ಹಾಕಿಕೊಂಡೇ ಇತ್ತು. ಅವರು ಬಟ್ಟೆ ಕತ್ತರಿಸುತ್ತಿದ್ದ ಉದ್ದನೆಯ ಮೇಜಿನ ಮೇಲೆ ಇವನು ಕಂಪ್ಯೂಟರು ಇಟ್ಟುಕೊಂಡ. ಹೊತ್ತುಗಟ್ಟಲೆ ಮಾತಾಡಿದವರದ್ದು ಒಂದೆರಡು ಮಾತು ಉಳಿಸಿ ಮಿಕ್ಕದ್ದನ್ನು ತೆಗೆಯುತ್ತಾನೆ ಅಂತ ಕಾರ್ಖಾನೆಯ ಹೆಂಗಸರು ಅವನಿಗೆ ಕತ್ತರಿ ಅಂತ ಹೆಸರಿಟ್ಟರು. ಎದುರಿಗೇ ಕರೆಯುತ್ತಿದ್ದರು. ಅವನೂ ಓಗೊಡುತ್ತಿದ್ದ.

ಬೆನ್ನು ಬಾಗಿದ ಮನುಷ್ಯ. ಹೆಂಡತಿ ಮಕ್ಕಳು ಅಂತ ಯಾರೂ ಇರಲಿಲ್ಲ. ಊಟ ಕೊಟ್ಟರೆ ನಿಂತೇ ತಿಂದು ತಟ್ಟೆ ತೊಳೆದಿಡುತ್ತಿದ್ದ. ಕೆಲಸದಲ್ಲಿ ಮಾತ್ರ ಮಹಾ ಹಟಮಾರಿ. ಕಾರ್ಖಾನೆಯ ಸೈರನ್ನಿನ ಸದ್ದು ಎಲ್ಲೂ ಸಿಗದಿದ್ದಾಗ, ಯಾವುದೋ ಒಂದು ಸೈರನ್ನು ಹಾಕು, ಯಾರಿಗೆ ಗೊತ್ತಾಗುತ್ತೆ ಅಂತ ಚಿತ್ರಕ್ಕೆ ಹಣ ಹಾಕಿದವನು ಹೇಳಿದ. ಇವನು ಅವನ ಜೊತೆ ಜಗಳ ಆಡಿ, ಚಿತ್ರದಲ್ಲಿ ಆ ಜಾಗವನ್ನು ಸದ್ದಿಲ್ಲದೆಯೇ ಬಿಟ್ಟ.

ನನ್ನ ತಂಗಿ ಆ ಕೋಣೆಯಲ್ಲಿ ಒಂದು ಬೆಳಿಗ್ಗೆ ಪೂರ್ತಿ ಮಾತಾಡಿದಳು. ನಾನು ಅಡುಗೆಮನೆಯಲ್ಲಿದ್ದೆ, ಮಾತು ಕಿವಿಗೆ ಬೀಳುತ್ತಿರಲಿಲ್ಲ, ನಡುನಡುವೆ ಅವಳ ನಗು ಮಾತ್ರ ಕೇಳುತ್ತಿತ್ತು. ಚಿತ್ರ ಮುಗಿದ ಮೇಲೆ ಅವರವರ ಮಾತು ಪೂರ್ತಿಯಾಗಿ ಅವರವರ ಮನೆಗೆ ಕೊಡುತ್ತೇನೆ ಅಂತ ಅವನು ಎಲ್ಲರಿಗೂ ಮಾತು ಕೊಟ್ಟಿದ್ದ.

ಅದಾಗಿ ಸ್ವಲ್ಪ ಕಾಲಕ್ಕೆ ಅವಳ ಗಂಟಲಿಗೆ ರೋಗ ಬಂತು. ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು. ಬಾಯಿ ಮುಚ್ಚಿ ಗೊತ್ತಿಲ್ಲದವಳು ಸನ್ನೆಗೆ ಬಂದು ನಿಂತಳು. ಅವಳ ಮಗಳು ಅಳುತ್ತಾ ಕುಳಿತಾಗೆಲ್ಲ ತನ್ನ ಕತ್ತು ಮುಟ್ಟಿಕೊಂಡು, ಹೊಲಿಗೆಯ ಕೋಣೆಯ ಬಾಗಿಲು ತೋರಿಸುತ್ತಿದ್ದಳು. ನನ್ನ ದನಿ ಅಲ್ಲಿದೆ, ಅಳಬೇಡ ಅಂತ. ರೋಗ ಮರಳಿ ಬಂದು, ಚಿತ್ರ ಮುಗಿಯುವ ಮೊದಲೇ ತಂಗಿ ಹೋಗಿಬಿಟ್ಟಳು.

ಚಿತ್ರ ತೋರಿಸಿದ ದಿನ ನಾನೂ ತಂಗಿಯ ಮಗಳೂ ಪಕ್ಕಪಕ್ಕ ಕುಳಿತಿದ್ದೆವು. ಪರದೆಯ ಮೇಲೆ ತಂಗಿ ಬಂದಳು. "ಬೆರಳು ಸುಟ್ಕೊಂಡು ಬಲ್ಬು ಮಾಡಿದ್ದು ನಾವು. ನಮ್ಮನೇಲಿ ಹಾಕಿದ್ದು ಮಾತ್ರ ಎರಡೇ ದಿನಕ್ಕೆ ಹೋಗ್ತಿತ್ತು" ಅಂದು ನಕ್ಕಳು. ಅಷ್ಟರಲ್ಲಿ ಬೇರೆ ಯಾರೋ ಬಂದರು. ಮಗಳು ನನ್ನ ಕೈ ಹಿಸುಕಿ, "ಇಷ್ಟೇನಾ ದೊಡ್ಡಮ್ಮ?" ಅಂದಳು. ಪೂರ್ತಿ ಕೊಡುತ್ತಾನೆ ಬಿಡು ಅಂತ ನಾನೇ ಸಮಾಧಾನ ಹೇಳಿದೆ.

ಚಿತ್ರ ಮುಗಿದರೂ ಇವರ ಕೆಲಸ ಮುಗಿಯುವುದಿಲ್ಲ. ಕ್ಯಾಮೆರಾದಲ್ಲಿ ಹಿಡಿದದ್ದನ್ನೆಲ್ಲ ಒಟ್ಟುಮಾಡಿ ಹಾರ್ಡ್ ಡಿಸ್ಕು ಅನ್ನುವ ಡಬ್ಬಿಗೆ ತುಂಬಿ ಎತ್ತಿಡಬೇಕು. ಒಂದೇ ಕಡೆ ಇಟ್ಟರೆ ಇಲ್ಲದ ಲೆಕ್ಕ ಅನ್ನುತ್ತಿದ್ದ. ಅದಕ್ಕೇ ಎರಡು ಡಬ್ಬಿ ಮಾಡಿ, ಒಂದನ್ನು ತಾನಿಟ್ಟುಕೊಂಡು ಇನ್ನೊಂದನ್ನು ನನ್ನ ಬೀರುವಿನಲ್ಲಿ ಕಂಬಳಿಗಳ ನಡುವೆ ಇಡಿಸಿದ. ಆಮೇಲೆ ಕೆಲಸದ ಹಳೆಯ ಡಿಸ್ಕುಗಳನ್ನು ಒರೆಸಿ ಖಾಲಿ ಮಾಡಿ ಮುಂದಿನ ಕೆಲಸಕ್ಕೆ ಬಳಸುವುದು ಅವರ ಪದ್ಧತಿ.

ತುಂಬಿಸಿದ ದಿನ ಅವನಿಗೆ ಜ್ವರ ಕೆಂಡದ ಹಾಗೆ ಸುಡುತ್ತಿತ್ತು. ಮಲಗಪ್ಪ, ನಾಳೆ ಮಾಡಿದರಾಯಿತು ಅಂದರೆ ಕೇಳಲಿಲ್ಲ. ಎತ್ತಿಡುವಾಗ ಕಂಪ್ಯೂಟರು ಒಂದು ಪ್ರಶ್ನೆ ಕೇಳುತ್ತದಂತೆ, ಎಲ್ಲವನ್ನೂ ಉಳಿಸಲೋ, ಚಿತ್ರದಲ್ಲಿ ಬಳಸಿದ್ದಷ್ಟನ್ನೇ ಉಳಿಸಲೋ ಅಂತ. ಬಳಸಿದ್ದಷ್ಟೇ ಅನ್ನುವ ಕಡೆ ಗುರುತು ಬಿದ್ದಿದ್ದು ಅವನ ಕಣ್ಣಿಗೆ ಬೀಳಲಿಲ್ಲ. ಎರಡು ಡಬ್ಬಿಗಳನ್ನು ಒಂದಕ್ಕೊಂದು ತಾಳೆ ನೋಡಿದ, ಸರಿಯಾಗಿತ್ತು. ಚಿತ್ರ ಹಾಕಿ ನೋಡಿದ, ಎಳ್ಳಷ್ಟೂ ಊನವಿರಲಿಲ್ಲ. ಇರುವುದಾದರೂ ಹೇಗೆ? ಚಿತ್ರಕ್ಕೆ ಬೇಕಾದದ್ದೆಲ್ಲ ಅದರಲ್ಲಿತ್ತು. ಹೊಲಿದ ಅಂಗಿಯನ್ನು ನೀಟಾಗಿ ಮಡಚಿಟ್ಟು ಬಟ್ಟೆಯ ಥಾನನ್ನೇ ಹೊಳೆಗೆ ಎಸೆದ ಹಾಗಾಯಿತು. ಒರೆಸಿದ ಡಿಸ್ಕುಗಳ ಮೇಲೆ ಯಾರದೋ ಮದುವೆ, ಯಾವುದೋ ಹಲ್ಲಿನ ಪೇಸ್ಟಿನ ಜಾಹೀರಾತು ಬಂದು ಕುಳಿತವು.

ಇದೆಲ್ಲ ಗೊತ್ತಾದದ್ದು ತಂಗಿಯ ಮಗಳು ಅಮ್ಮನ ಮಾತು ತುಂಬಿಸಿಕೊಂಡು ಹೋಗಲು ಹೊಸ ಡಬ್ಬಿ ಕೊಂಡು ತಂದು ಕೊಟ್ಟು ಹೋದ ಮೇಲೆ. ಅವನು ತೆಗೆದು ನೋಡಿದರೆ ಆ ಎರಡು ಮಾತು, ಆ ನಗು, ಅಷ್ಟೇ. ಓಡಿ ಬಂದು ನನ್ನ ಬೀರು ತೆಗೆಸಿದ. ಕಂಬಳಿಯೊಳಗಿನ ಡಬ್ಬಿಯಲ್ಲೂ ಅಷ್ಟೇ. ಅಳಿಸಿದ್ದನ್ನು ಮರಳಿ ತೆಗೆಯುವ ಅಂಗಡಿಗೆ ಡಿಸ್ಕುಗಳನ್ನು ಹೊತ್ತುಕೊಂಡು ಹೋದ. ಬರೀ ಒರೆಸಿದ್ದರೆ ನೋಡಬಹುದಿತ್ತು, ಮೇಲೆ ಬೇರೆ ತುಂಬಿ ಆಗಿದೆ, ಇನ್ನು ಆಗದು ಅಂದರಂತೆ.

ತಂಗಿಯ ಮಗಳು ಬಂದಾಗ ಹೆಸರು ಬರೆದು ಜೋಡಿಸುವುದು ಇನ್ನೂ ಬಾಕಿ ಇದೆ ಅಂದ. ಮತ್ತೆ ಬಂದಳು. ಮತ್ತೆ ಅದನ್ನೇ ಅಂದ. ಪಾಪ, ಅವಳು ಆತುರವಿಲ್ಲ ಅಣ್ಣ, ನಿಧಾನಕ್ಕೆ ಮಾಡಿ ಅಂತ ಹೇಳಿ ಹೋಗುತ್ತಿದ್ದಳು. ಅವಳು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದನೋ ಏನೋ. ಬಂದ ಕೆಲಸ ವಾಪಸು ಕಳಿಸಿದ. ತಟ್ಟೆ ಇಟ್ಟಲ್ಲೇ ಇರುತ್ತಿತ್ತು. ಹೇಳಿಬಿಡಪ್ಪ, ಎದೆ ಹಗುರಾಗುತ್ತೆ ಅಂತ ನಾನೇ ಬಾಯಿಬಿಟ್ಟು ಹೇಳಿದೆ.

"ಕ್ಯಾಮೆರಾ ಮುಂದೆ ಕೂತಾಗ ಎಲ್ರೂ ಹೆದರ್ತಿದ್ರು, ಅಮ್ಮ. ಧೈರ್ಯವಾಗಿ ಮಾತಾಡಿ, ಇದು ಎಲ್ಲೂ ಹೋಗಲ್ಲ ಅಂತ ಒಬ್ಬೊಬ್ರಿಗೂ ಹೇಳಿದ್ದು ನಾನೇ" ಅಂದ. ಒಂದು ಮನೆಗೆ ಹೇಳಿದರೆ ಎಲ್ಲ ಮನೆಗೂ ಹೇಳಬೇಕು. ಆ ಮನೆಗಳಲ್ಲಿ ಎಷ್ಟೋ ಮಂದಿ ಆಗಲೇ ಗೋಡೆಯ ಮೇಲಿನ ಫೋಟೋ ಆಗಿದ್ದರು.

ಕೊನೆಗೆ ಅವನು ಕೋಣೆ ಖಾಲಿ ಮಾಡಿ ಹೋದ. ತಂಗಿಯ ಮಗಳಿಗೆ ವಿಷಯ ಹೇಳಿದ್ದು ನಾನು. ಅವಳು ತಾನು ತಂದಿದ್ದ ಖಾಲಿ ಡಬ್ಬಿಯನ್ನು ಸೆರಗಿನಲ್ಲಿ ಒರೆಸುತ್ತಾ ಕುಳಿತಳು. ಅವನು ಈಗ ಯಾವುದೋ ಗೋದಾಮಿನಲ್ಲಿ ಕಾವಲು ಕೆಲಸಕ್ಕಿದ್ದಾನೆ, ಕಂಪ್ಯೂಟರು ಮುಟ್ಟುವುದಿಲ್ಲ ಅಂತ ಕೇಳಿದ್ದೇನೆ. ನಾನು ನೋಡಲು ಹೋಗಿಲ್ಲ. ನೋಡಿದರೆ, ಕೋಣೆ ಬಿಟ್ಟು ಹೋಗುವ ಹಿಂದಿನ ದಿನ ಅವನು ಕೇಳಿದ್ದು ನಮ್ಮಿಬ್ಬರ ನಡುವೆ ಬಂದು ನಿಲ್ಲುತ್ತದೆ.

ಅಂದು ಮಧ್ಯಾಹ್ನ ಕರೆದ. ತಂಗಿ ಕುಳಿತಿದ್ದ ಜಾಗದಲ್ಲೇ ಕುರ್ಚಿ ಹಾಕಿದ್ದ. ಎದುರಿಗೆ ಮೈಕು.

"ಫೋನಿನಲ್ಲಿ ಎಷ್ಟು ಸಲ ನಿಮ್ಮನ್ನ ನಿಮ್ಮ ತಂಗಿ ಅಂತ ತಿಳ್ಕೊಂಡಿದ್ದೀನಿ ನಾನು. ಆ ಬೆಳಿಗ್ಗೆ ಅವರು ಆಡಿದ್ದೆಲ್ಲ ನಂಗೆ ಬಾಯಿಗೆ ಬರುತ್ತೆ. ನಾನು ಹೇಳ್ಕೊಡ್ತೀನಿ, ನೀವು ಹಾಗೇ ಹೇಳಿ. ಚಿತ್ರ ಹಾಳಾಗಿದೆ, ದನಿ ಮಾತ್ರ ಉಳೀತು ಅಂತ ಅವರ ಮಗಳಿಗೆ ಕೊಟ್ಬಿಡ್ತೀನಿ."

"ಹೆತ್ತ ತಾಯಿ ದನಿ ಮಗಳಿಗೆ ಗೊತ್ತಾಗಲ್ವೇನಪ್ಪ?" ಅಂದೆ.

ಅವನು ಮೈಕನ್ನು ನನ್ನ ಬಾಯಿಯ ಹತ್ತಿರಕ್ಕೆ ಸರಿಸಿದ. "ಗೊತ್ತಾಗುತ್ತೆ" ಅಂದ. "ಆದ್ರೂ ಹೇಳಿ, ಅಮ್ಮ. ಒಂದೇ ಒಂದ್ಸಲ."