ಗೋಡೌನಿನ ಕಂಪ್ಯೂಟರ್ ಕೆಟ್ಟಿರಲಿಲ್ಲ

ಗೋಡೌನಿನ ಕಂಪ್ಯೂಟರ್ ಕೆಟ್ಟಿರಲಿಲ್ಲ, ರತ್ನಾ. ನಿಮ್ಮ ಕೈಯಿಂದ ಯಾವ ತಪ್ಪೂ ಆಗಿರಲಿಲ್ಲ. ತಪ್ಪು ನನ್ನದು. ಅದು ನನಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಮೇಲೆ ಹೊರಿಸಿದೆ. ಈ ನಾಲ್ಕು ಮಾತು ಬರೆಯಲು ನನಗೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು — ಬೇಕಾಯಿತು ಎನ್ನುವುದೂ ಸುಳ್ಳು. ಬರೆಯದೆ ಉಳಿದರೆ ನಡೆಯುತ್ತದೆ ಎಂದುಕೊಂಡಿದ್ದೆ.

ತೊಂಬತ್ತರ ದಶಕದ ಕೊನೆ. ದಾಬಸ್‌ಪೇಟೆಯ ಆ ಪಂಪ್‌ಸೆಟ್ ಕಾರ್ಖಾನೆಗೆ ನೆಟ್‌ವರ್ಕ್ ಹಾಕಿಕೊಟ್ಟವನು ನಾನೇ. ಹೆದ್ದಾರಿಯ ಈಚೆ ಆಫೀಸು, ಆಚೆ ಗೋಡೌನು. ಎರಡು ಕಡೆಯೂ ಒಂದೊಂದು ರೂಟರ್ — ಬಂದ ಸುದ್ದಿಗೆ ಯಾವ ದಾರಿ ಹಿಡಿಯಬೇಕೆಂದು ಹೇಳುವ ಪೆಟ್ಟಿಗೆ, ಅಷ್ಟೆ. ಗೋಡೌನಿನಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್, ಅದರ ಮುಂದೆ ಕೂರುತ್ತಿದ್ದವರು ನೀವೊಬ್ಬರೇ. ದೊಡ್ಡಬಳ್ಳಾಪುರದಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬರುತ್ತಿದ್ದಿರಿ. ಮನೆಯಲ್ಲಿ ಎಲ್ಲರೂ ಮಗ್ಗದವರು. ಹೊರಗೆ ಕೆಲಸಕ್ಕೆ ಹೊರಟ ಮೊದಲ ಹೆಣ್ಣುಮಗಳು ನೀವು. ಟೈಪಿಂಗ್ ಕಲಿತು, ಆಮೇಲೆ ಕಂಪ್ಯೂಟರ್ ಕಲಿಯಲು ತಂದೆಯನ್ನು ಒಪ್ಪಿಸಲು ಒಂದು ವರ್ಷ ಹಿಡಿಯಿತೆಂದು ನೀವೇ ಹೇಳಿದ್ದಿರಿ. ಅದು ನನಗೆ ಮರೆತಿರಲಿಲ್ಲ. ಮರೆತಿದ್ದರೆ ನನ್ನ ತಪ್ಪು ಸ್ವಲ್ಪ ಚಿಕ್ಕದಾಗುತ್ತಿತ್ತೋ ಏನೋ.

ಒಂದು ಶನಿವಾರ ಆಫೀಸಿನ ರೂಟರಿನಲ್ಲಿ ಕೆಲವು ವಿಳಾಸಗಳನ್ನು ಹೊಸದಾಗಿ ಬರೆದು ಹೋಗಿದ್ದೆ. ಸೋಮವಾರ ಬೆಳಿಗ್ಗೆ ಫೋನು ಬಂತು: ಗೋಡೌನಿನಿಂದ ಆಫೀಸಿಗೆ ಸಂಪರ್ಕವಿಲ್ಲ, ರವಾನೆ ಚೀಟಿ ಬರುತ್ತಿಲ್ಲ, ಲಾರಿಗಳು ನಿಂತಿವೆ. ಬೆಂಗಳೂರಿನಲ್ಲಿ ಕೂತೇ ನಿಮ್ಮಿಂದ ಸೆಟ್ಟಿಂಗ್ ತೆರೆಸಿದೆ. ನಾನು ಒಂದೊಂದೇ ಅಂಕಿ ಹೇಳಿದೆ, ನೀವು ಒಂದೊಂದೇ ಅಂಕಿ ಹೊಡೆದು ಓದಿ ಹೇಳಿದಿರಿ. ಎಲ್ಲವೂ ಸರಿಯಾಗಿತ್ತು — ಮೊದಲೂ ಸರಿಯಾಗಿತ್ತು, ಆಮೇಲೂ. ಆದರೂ ಸಂಪರ್ಕ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾನೇ ಬಂದೆ.

ಕೇಬಲ್ ಬದಲಾಯಿಸಿದೆ. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ನೆಟ್‌ವರ್ಕ್ ಕಾರ್ಡ್ ಬದಲಾಯಿಸಿದೆ. ಕಂಪ್ಯೂಟರಿನಿಂದ ‘ಇದ್ದೀಯಾ’ ಎಂದು ಕೇಳಿಸಿ ನೋಡಿದರೆ ಪಕ್ಕದ ರೂಟರಿನಿಂದ ಉತ್ತರ ಬರುತ್ತಿತ್ತು, ಹೆದ್ದಾರಿಯಾಚೆಯ ಆಫೀಸಿನಿಂದ ಬರುತ್ತಿರಲಿಲ್ಲ. ನೀವು, ಸುದ್ದಿಯನ್ನು ಫೋನ್ ತಂತಿಗೆ ಏರಿಸಿ ಇಳಿಸುವ ಮೋಡೆಮ್ಮಿನ ದೀಪಗಳನ್ನೇ ನೋಡುತ್ತಾ ನಿಂತಿದ್ದಿರಿ. ಮಾರನೆಯ ದಿನ ಬೆಳಿಗ್ಗೆ, ಬಹಳ ಸಂಕೋಚದಿಂದ ಹೇಳಿದಿರಿ:

"ಸಾರ್, ಇಲ್ಲಿಂದ ಕೇಳ್ದಾಗೆಲ್ಲ ಕಳ್ಸೋ ದೀಪ ಮಿನುಗ್ತದೆ. ಬರೋ ದೀಪ ಮಿನುಗ್ತಿಲ್ಲ. ಲಾಳಿ ಆ ಕಡೆಗೆ ಹೋಗ್ತಾ ಇದೆ, ವಾಪಸ್ ಬರ್ತಾ ಇಲ್ಲ. ಆ ಕಡೆ ಒಂದ್ಸಲ ನೋಡಿದ್ರೆ..."

ನಾನು ನಕ್ಕೆ. ಇದು ಮಗ್ಗ ಅಲ್ಲಮ್ಮ ಎಂದೆ.

ಎರಡು ಗಂಟೆಯ ನಂತರ, ಮಾಡಲು ಬೇರೇನೂ ಉಳಿಯದೆ, ಹೆದ್ದಾರಿ ದಾಟಿ ಆಫೀಸಿಗೆ ಹೋದೆ. ರೂಟರಿನಲ್ಲಿ ಬರೆದದ್ದನ್ನೆಲ್ಲ ತೆರೆದು ನೋಡಿದೆ. ಗೋಡೌನಿಗೆ ಮರಳುವ ದಾರಿಯ ಸಾಲಿನಲ್ಲಿ ಇಪ್ಪತ್ತು ಎಂದಿರಬೇಕಾದಲ್ಲಿ ಮೂವತ್ತು ಎಂದಿತ್ತು. ಶನಿವಾರ ನಾನೇ ಹೊಡೆದದ್ದು. ನಿಮ್ಮ ಕಂಪ್ಯೂಟರಿನ ಪ್ರಶ್ನೆ ಆಫೀಸಿನವರೆಗೂ ಸರಿಯಾಗಿ ಬರುತ್ತಿತ್ತು. ಉತ್ತರ ಮಾತ್ರ ಇಲ್ಲದ ಊರಿಗೆ ಹೊರಟು ಹೋಗುತ್ತಿತ್ತು. ನೀವು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು.

ತಿದ್ದಿದೆ. ಒಂದು ನಿಮಿಷವೂ ಬೇಕಾಗಲಿಲ್ಲ. ಆಗ ನನ್ನ ಹಿಂದೆ ಮ್ಯಾನೇಜರ್ ನಂಜುಂಡಯ್ಯನವರು ಬಂದು ನಿಂತರು. ಎರಡು ದಿನ ಲಾರಿಯವರಿಂದ ಬೈಸಿಕೊಂಡ ಮನುಷ್ಯ. ಏನಾಗಿತ್ತು ಎಂದು ಕೇಳಿದರು.

ಹೇಳಬಹುದಿತ್ತು. ನನ್ನ ಕೆಲಸ ಹೋಗುತ್ತಿರಲಿಲ್ಲ. ಒಂದಷ್ಟು ಬೈಗುಳ, ಒಂದಷ್ಟು ಅವಮಾನ — ಅಷ್ಟೇ. ಆದರೆ ಬಾಯಿ ತೆರೆದಾಗ ಬಂದದ್ದು ಬೇರೆ.

"ಗೋಡೌನ್ ಕಂಪ್ಯೂಟರಲ್ಲಿ ಸೆಟ್ಟಿಂಗ್ ಬದಲಾಗ್ಬಿಟ್ಟಿತ್ತು ಸಾರ್. ಯಾರೋ ಕೈ ಹಾಕಿದಾರೆ."

ಯಾರೋ. ಅಲ್ಲಿ ಕೂರುತ್ತಿದ್ದದ್ದು ಒಬ್ಬರೇ ಎಂದು ತಿಳಿದೇ ಆ ಪದ ಆರಿಸಿದೆ. ನಿಮ್ಮ ಹೆಸರು ಹೇಳಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ಅವರು ನಿಮ್ಮನ್ನು ಕರೆಸಿದರು. ನಾನು ಅಲ್ಲೇ ತಂತಿ ಸುತ್ತುತ್ತಾ ಇದ್ದೆ. ಗೊತ್ತಿಲ್ಲದ್ದಕ್ಕೆ ಯಾಕಮ್ಮಾ ಕೈ ಹಾಕ್ತೀಯ ಎಂದು ಅವರು ಗದರಿದಾಗ ನೀವು ನನ್ನ ಕಡೆ ನೋಡಿದಿರಿ. ಸೋಮವಾರ ಈ ಸಾರ್ ಹೇಳಿದಂತೆಯೇ ಹೊಡೆದೆ ಎಂದು ನೀವು ಹೇಳುತ್ತೀರಿ ಎಂದು ಕಾದೆ. ಹೇಳಲಿಲ್ಲ.

"ಸರಿಯಾಗೇ ಹೊಡ್ದೆ ಅಂದ್ಕೊಂಡಿದ್ದೆ ಸಾರ್," ಎಂದಿರಿ, ತಲೆ ತಗ್ಗಿಸಿ. ಅಷ್ಟೇ.

ಮುಂದಿನ ಸಲ ನಾನು ಬಂದಾಗ ನಿಮ್ಮ ಕುರ್ಚಿಯಲ್ಲಿ ಬೇರೊಬ್ಬರಿದ್ದರು. ನಿಮ್ಮನ್ನು ಪ್ಯಾಕಿಂಗಿಗೆ ಹಾಕಿದ್ದರು. ರಟ್ಟಿನ ಪೆಟ್ಟಿಗೆಗೆ ಟೇಪು ಅಂಟಿಸುತ್ತಾ ನೀವು ನನಗೆ ನಮಸ್ಕಾರ ಮಾಡಿದಿರಿ. ಅದರಾಚೆ ಇನ್ನೊಂದು ಸಲ ಬಂದಾಗ ನೀವು ಕೆಲಸ ಬಿಟ್ಟಿದ್ದಿರಿ. ಯಾಕೆ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಸಿಗುತ್ತಿತ್ತಲ್ಲ —

ಇಲ್ಲಿಗೇ ಮುಗಿದಿದ್ದರೆ ಬಹುಶಃ ಇದನ್ನು ಬರೆಯುತ್ತಿರಲಿಲ್ಲ. ಆದರೆ ಹೋದ ತಿಂಗಳು ಮಗಳ ಮದುವೆ ಸೀರೆಗೆಂದು ಹೆಂಡತಿ ನನ್ನನ್ನು ದೊಡ್ಡಬಳ್ಳಾಪುರಕ್ಕೆ ಎಳೆದುಕೊಂಡು ಬಂದಳು. ಯಾರೋ ಹೇಳಿದ ನೇಕಾರರ ಮನೆ ಅದು. ಒಳಗಿನಿಂದ ಬಂದವರು ನೀವು. ನನಗಿಂತ ಮೊದಲು ನೀವೇ ಗುರುತು ಹಿಡಿದಿರಿ. ಕಾಫಿ ಕೊಟ್ಟಿರಿ. ಮೂಲೆಯ ಕಂಪ್ಯೂಟರಿನಲ್ಲಿ ನಿಮ್ಮ ಮಗಳು ಸೀರೆಯಂಚಿನ ಚಿತ್ರ ಬಿಡಿಸುತ್ತಿದ್ದಳು. ನೀವೂ ಮಾಡ್ತೀರಾ ಎಂದು ಸುಮ್ಮನೆ ಕೇಳಿದೆ.

"ಅಯ್ಯೋ, ಅದಕ್ಕೂ ನನ್ ಕೈಗೂ ಆಗ್ಬರಲ್ಲ ಸಾರ್. ಅವತ್ತಿಂದ ಮುಟ್ಟಿಲ್ಲ." ಆಮೇಲೆ ಮಗಳ ಕಡೆ ತಿರುಗಿ, "ನಾನ್ ಕೆಡ್ಸಿದ್ದನ್ನ ಸರಿ ಮಾಡೋಕೆ ಈ ಸಾರ್ ಎರಡು ದಿನ ಒದ್ದಾಡಿದ್ರು" ಎಂದು ಪರಿಚಯ ಮಾಡಿಕೊಟ್ಟಿರಿ. ಮತ್ತೆ ನನಗೆ, "ನನ್ನಿಂದ ನಿಮ್ಗೆ ಬಹಳ ತೊಂದ್ರೆ ಆಯ್ತು ಸಾರ್. ಕ್ಷಮೆ ಕೇಳೋಕೂ ಮುಖ ಇರ್ಲಿಲ್ಲ."

ನೀವು ಅದನ್ನು ನಂಬಿದ್ದಿರಿ. ಇಷ್ಟು ವರ್ಷ ನಂಬಿಕೊಂಡೇ ಬದುಕಿದ್ದಿರಿ.

ನಾನು ಏನು ಹೇಳಿದೆ, ನೆನಪಿದೆಯೇ? "ಹೋಗ್ಲಿ ಬಿಡಿ, ಹಳೇದು," ಎಂದೆ. ದೊಡ್ಡ ಮನಸ್ಸಿನವನಂತೆ. ರತ್ನಾ, ನಾನು ನಿಮ್ಮನ್ನು ಕ್ಷಮಿಸಿಬಿಟ್ಟೆ. ಮೊದಲ ಸುಳ್ಳಿಗೆ ಹೆದರಿಕೆ ಎಂಬ ಹೆಸರಾದರೂ ಇಡಬಹುದು. ಇದಕ್ಕೆ ಇಡಲು ನನ್ನ ಬಳಿ ಯಾವ ಹೆಸರೂ ಇಲ್ಲ.

ಕಾಗದ ಕಳಿಸಿ ಕೈತೊಳೆದುಕೊಳ್ಳುವುದು ಸುಲಭ. ಅದಕ್ಕೇ ಇದನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ನಾನೇ ಬರುತ್ತೇನೆ. ನಿಮ್ಮ ಮಗಳನ್ನೂ ಕೂರಿಸಿ ಎಂದು ಕೇಳುತ್ತೇನೆ, ಯಾಕೆಂದರೆ ಅವಳ ಮುಂದೆಯೇ ನಿಮ್ಮ ಹೆಸರಿಗೆ ಎರಡನೆಯ ಸಲ ಮಸಿ ಬಳಿದೆ. ಇದನ್ನು ಮೊದಲ ಸಾಲಿನಿಂದ ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಓದಿ ಮುಗಿದ ಮೇಲೆ ಎದ್ದು ಹೋಗಿ ಎಂದರೆ ಹೋಗುತ್ತೇನೆ. ಬಯ್ದರೆ ಕೂತು ಕೇಳುತ್ತೇನೆ.