ಕೋದಂಡರಾಮಪ್ಪ ಮತ್ತು ಅಂಜಮ್ಮ

ಕಾಲರಾ ಸಂಶೋಧಕ ಡಾಕ್ಟರ್ ಕೋದಂಡರಾಮಪ್ಪನವರು ವಿದೇಶಿ ವೈದ್ಯ ಪತ್ರಿಕೆಗಳನ್ನು ಓದುತ್ತಿದ್ದುದೇ ಹಿಂದಿನಿಂದ. ಸಂಜೆ ಬೆಂಗಳೂರಿನಿಂದ ಮಾಲೂರಿಗೆ ವಾಪಸಾಗುವ ರೈಲಿನಲ್ಲಿ ಕೂತೊಡನೆ, ಬೆರಳಿಗೆ ಉಗುಳು ಹಚ್ಚಿ ಕೊನೆಯ ಪುಟ ತಿರುವಿ, ಬರೆದವನು ಯಾರ್ಯಾರ ಲೇಖನ ಉಲ್ಲೇಖಿಸಿದ್ದಾನೆಂಬ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕುತ್ತಿದ್ದರು. ಮದುವೆಮನೆಯಲ್ಲಿ ಚಪ್ಪಲಿ ಕಳಕೊಂಡವರೂ ಅಷ್ಟು ಕಳವಳದಿಂದ ಹುಡುಕುವುದಿಲ್ಲ. ಸಿಕ್ಕಿತೋ, "ಜರ್ಮನಿಯೋನು ನಮ್ಮನ್ನ ಹಾಕವ್ನೆ ಕಣಯ್ಯ" ಎಂದು ಅಕ್ಕಪಕ್ಕದವರಿಗೆಲ್ಲ ಕಡಲೆಕಾಯಿ ಕೊಡಿಸುತ್ತಿದ್ದರು. ಸಿಗಲಿಲ್ಲವೋ, ಆ ಲೇಖಕ ಮುಠ್ಠಾಳ, ಅವನ ದೇಶದ ನೀರೇ ಸರಿಯಿಲ್ಲ. ಎದುರು ಸೀಟಿನ ಗುಮಾಸ್ತ ಮುನಿರಾಮಪ್ಪನಿಗೆ ಕಾಲರಾಕ್ಕಿಂತ ಇದೇ ದೊಡ್ಡ ರೋಗವಾಗಿ ಕಾಣುತ್ತಿತ್ತು. ಡಾಕ್ಟರ ಎಲ್ಲ ಲೇಖನಗಳಿಗೂ ಬರೆದವರೆಂದು ಎರಡೇ ಹೆಸರು: ಕೋದಂಡರಾಮಪ್ಪ ಮತ್ತು ಅಂಜಮ್ಮ. ತನ್ನ ಹೆಸರನ್ನೂ ಸೇರಿಸೆಂದು ಮೇಲಧಿಕಾರಿ ಕೇಳಿದಾಗ ಒಪ್ಪದೆ ಬಡ್ತಿಯನ್ನೇ ಕಳೆದುಕೊಂಡರು. "ಒಂದು ಹೆಸರಿಗೆ ಯಾಕ್ ಸಾರ್ ಇಷ್ಟು ಹಠ?" ಎಂದು ಮುನಿರಾಮಪ್ಪ ಒಂದು ಸಂಜೆ ಕೇಳಿಯೇಬಿಟ್ಟ. "ಮೂರು ಹೆಸರಾದ್ರೆ, ಉಲ್ಲೇಖ ಮಾಡೋರು ಮೊದಲ್ನೇದು ಮಾತ್ರ ಬರ್ದು, ಮಿಕ್ಕೋರ್ನ 'ಮತ್ತಿತರರು' ಅಂತ ಮುಗಿಸ್ತಾರೆ ಕಣಯ್ಯ. ಅಂಜಮ್ಮ ಕಾಣೋದೇ ಇಲ್ಲ." "ಆಯಮ್ಮ ಅಷ್ಟು ದೊಡ್ಡ ಡಾಕ್ಟ್ರಾ?" ಅವರು ಪತ್ರಿಕೆ ಮುಚ್ಚಿದರು. "ನನ್ನ ತಂಗಿ. ನಮ್ಮೂರು ಹೋಳೂರಲ್ಲಿ ಕಾಲರಾ ಬಂದಾಗ ಹೋದ್ಲು. ಇನ್ನೂ ಸ್ಲೇಟು ಹಿಡ್ದಿರ್ಲಿಲ್ಲ." ಮರುದಿನ ಸಂಜೆ ರೈಲು ಹೊರಟೊಡನೆ ಮುನಿರಾಮಪ್ಪನೇ ಮುಂದಕ್ಕೆ ಬಾಗಿದ. "ಕೊನೇ ಪುಟ ತೆಗೀರಿ ಸಾರ್. ಅಂಜಮ್ಮ ಬಂದವ್ಳಾ ನೋಡಾನ."