ಅಣ್ಣ, ಸುಣ್ಣ, ಮಣ್ಣು

ಮಣ್ಣು ಪರೀಕ್ಷೆ ಮಾಡುವ ನಮ್ಮ ಲ್ಯಾಬಿಗೆ ದೊಡ್ಡ ಸಾಹೇಬರು ಬಂದ ದಿನವೇ ನನ್ನ ಪಕ್ಕದ ಮೇಜಿನವಳ ಬಾಟಲಿಯ ಮುಚ್ಚಳ ಢಬ್ಬೆಂದು ಹಾರಿತು. ಗಾಬರಿಯಲ್ಲಿ "ಸಾರಿ ಸಾರ್, ಗ್ಯಾಸ್ ಹೋಯ್ತು" ಅಂದುಬಿಟ್ಟಳು. ಸಾಹೇಬರು ಮೂಗು ಮುಚ್ಚಿಕೊಂಡು ಕಿಟಕಿಯತ್ತ ಸರಿದರು. ಅಂದಿನಿಂದ ಅವಳು ಗ್ಯಾಸಕ್ಕ.

ಬಾಟಲಿಯಲ್ಲಿದ್ದುದು ಜೌಗಿನ ಕಪ್ಪು ಮಣ್ಣು. ಸಾವಿರಾರು ವರ್ಷ ಸತ್ತ ಪಾಚಿ, ಹುಲ್ಲು ಪೂರ್ತಿ ಕೊಳೆಯದೆ ಒತ್ತಿಕೊಂಡು ಆದದ್ದು. ಗಾಳಿ ಆಡಗೊಡದ ನೀರು ಒಂದು ಕಡೆ, ಹುಳಿ ಇನ್ನೊಂದು ಕಡೆ. ಆ ಹುಳಿಗೆ ಕಣ್ಣಿಗೆ ಕಾಣದ ಹುಳುಗಳಿಗೂ ಹಲ್ಲು ಜುಮ್ಮೆನ್ನುತ್ತದೆ, ತಿನ್ನಲಾರವು. ನೀರು ಬಸಿದು ಸುಣ್ಣ ಬೆರೆಸಿದರೆ ಹುಳಿ ಇಳಿಯುತ್ತದೆ, ಹುಳುಗಳ ಹಸಿವು ಏರುತ್ತದೆ. ಮಣ್ಣನ್ನೇ ತಿಂದು ಅದರ ಇಂಗಾಲವನ್ನು ಗಾಳಿಗೆ ಬಿಡುತ್ತವೆ. ನೆಲ ಉಸಿರಾಗಿ ಹಾರಿಹೋಗುತ್ತದೆ, ಉಳಿದದ್ದು ಕುಸಿಯುತ್ತದೆ.

ಅಂಥದೊಂದು ಜೌಗನ್ನು ಗ್ಯಾಸಕ್ಕನ ಅಪ್ಪ ಅವಳಿಗೇ ಕೊಡುತ್ತೇನೆಂದಿದ್ದರು. ಅವರು ಹಾಸಿಗೆ ಹಿಡಿದಾಗ ಅಣ್ಣ ಅವರ ಮನಸ್ಸಿಗೆ ಹುಳಿ ಹಿಂಡಿ, ಹುಳಿ ನೆಲವನ್ನೂ ತನ್ನ ಹೆಸರಿಗೆ ಹಿಂಡಿಕೊಂಡ. "ಬಾಟ್ಲಿ ತೊಳೆಯೋಳಿಗೆ ನೆಲ ಯಾಕೆ?" ಎಂದು ನಕ್ಕ. ಆ ಮಾತನ್ನು ಅವಳು ನುಂಗಲಿಲ್ಲ, ಅಗಿಯುತ್ತಲೇ ಇದ್ದಳು. ದಿನಾ ಊಟದ ಡಬ್ಬಿ ತೆರೆದಾಗ "ಅವನ ಕಾಲ ಕೆಳಗಿನ ನೆಲ ಕುಸೀಬೇಕು ಕಣೇ" ಅನ್ನುವಳು. ಪಕ್ಕದ ಮೇಜಿನ ನಾನು ಅದನ್ನು ಬರೀ ಬೈಗುಳ ಅಂದುಕೊಂಡಿದ್ದೆ.

ಒಂದು ದಿನ ಅಣ್ಣನದೇ ಫೋನು.

"ತಂಗೀ, ಜೌಗಲ್ಲಿ ಮನೆ ಕಟ್ಟಿ ಸುತ್ತ ತರಕಾರಿ ಬೆಳೀತೀನಿ. ಕಾಲುವೆ ತೋಡಿ ಸುಣ್ಣ ಸುರಿದ್ರೆ ನೆಲ ಸರಿಹೋಗುತ್ತೆ ತಾನೇ?"

"ಹೋಗುತ್ತೆ ಅಣ್ಣ."

"ಪೂರ್ತಿ?"

"ಪೂರ್ತಿ ಹೋಗುತ್ತೆ. ಸುಣ್ಣಕ್ಕೆ ಮಾತ್ರ ಕೈ ಹಿಡೀಬೇಡ."

ಫೋನ್ ಇಟ್ಟು ನನ್ನತ್ತ ತಿರುಗಿದಳು. "'ಸರಿ' ಅಂತ ನಾನೇನಾದ್ರೂ ಅಂದ್ನೇನೇ?"

ಮೊದಲ ವರ್ಷ ಎಲೆಕೋಸು ಅಣ್ಣನ ತಲೆಗಿಂತ ದಪ್ಪ ಬಂತು. ಗ್ಯಾಸಕ್ಕನಿಗೆ ಊಟ ಸೇರಲಿಲ್ಲ. ಆಮೇಲೆ ಹುಳುಗಳು ಕೈಹಿಡಿದವು. ಬಾಗಿಲುಗಳು ಚೌಕಟ್ಟಿಗೆ ಕೂರದಾದವು. ಅಡುಗೆಮನೆಯಲ್ಲಿ ಬಿದ್ದ ಈರುಳ್ಳಿ ಯಾರೂ ಕರೆಯದೆ ಹಜಾರಕ್ಕೆ ಉರುಳಿ ಬಂತು. ಒಂದೊಂದು ಸುದ್ದಿ ಬಂದಾಗಲೂ ಅವಳು ಬಾಟಲಿಗಳ ಬೆನ್ನು ತಟ್ಟಿ "ತಿನ್ನಿ ಮಕ್ಕಳೇ, ನಾಚ್ಕೋಬೇಡಿ" ಅನ್ನುತ್ತಿದ್ದಳು. ಕೊನೆಗೆ ಹಿಂದಿನ ಗೋಡೆ ಸೀಳಿತು. ಅಲ್ಲಿ ಇರುವಂತಿಲ್ಲ ಎಂದಾಯಿತು.

ಸುದ್ದಿ ಕೇಳಿ ಸಿಹಿ ಹಿಡಿದು ಅವಳ ಮನೆಗೆ ಓಡಿದೆ. ಬಾಗಿಲಲ್ಲೇ ಕೇಳಿದೆ, "ಅಂತೂ ಸೇಡು ತೀರಿತಲ್ಲಕ್ಕಾ! ಹೇಗನ್ನಿಸ್ತಿದೆ?"

"ಮೆಲ್ಲಗೆ ಮಾತಾಡೇ," ಅಂದಳು. "ನನ್ನ ಮಂಚದ ಮೇಲೇ ಮಲಗಿದಾನೆ."